ಐವರು ಕಂಡ ಮುಂಬಯಿ

ಊರು ನೋಡಲು ಹೊರಡುವವರಲ್ಲಿ ಹಲವು ಬಗೆ. ಒಬ್ಬನೇ ಹೊರಟವನು ಬೇಕಾದಲ್ಲಿ ನಿಂತು, ಬೇಡವಾದುದನ್ನು ಬಿಟ್ಟು, ಸಂಜೆ ತನ್ನ ಕೋಣೆಗೆ ಹಿಂದಿರುಗಿ, ಕಂಡುದನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ ಮಲಗುತ್ತಾನೆ. ಹಿರಿಯರೊಡನೆ ಹೊರಟವರು ಊರಿಗಿಂತ ಹೆಚ್ಚಾಗಿ ದೇವಸ್ಥಾನಗಳನ್ನೂ, ದೇವಸ್ಥಾನಗಳಿಗಿಂತ ಹೆಚ್ಚಾಗಿ ಸೀರೆಯ ಅಂಗಡಿಗಳನ್ನೂ ಕಾಣುತ್ತಾರೆ. ಹೊಸದಾಗಿ ಮದುವೆಯಾದವರು ಏನನ್ನು ಕಾಣುತ್ತಾರೆಂಬುದನ್ನು ಅವರೇ ಬಲ್ಲರು. ಆದರೆ ಸಮವಯಸ್ಕರಾದ ನಾಲ್ಕೈದು ಮಂದಿ ಗೆಳೆಯರು, ಮೀಸೆ ಈಗತಾನೆ ಮೂಡಿದ ವಯಸ್ಸಿನಲ್ಲಿ, ಕಿಸೆಯಲ್ಲಿ ಎಣಿಸಿದ ಹಣವನ್ನಿಟ್ಟುಕೊಂಡು ದೊಡ್ಡ ಪಟ್ಟಣವೊಂದನ್ನು ನೋಡಲು ಹೊರಟರೆ ಆ ಪ್ರವಾಸದ ರೀತಿಯೇ ಬೇರೆ. ಅವರು ಪಟ್ಟಣದ ಬೀದಿಗಳಲ್ಲಿ ನೋಡುವುದು ಬಹುಮಟ್ಟಿಗೆ ಒಬ್ಬರನ್ನೊಬ್ಬರು. ಮೂರು ವರ್ಷ ಒಂದೇ ಬೆಂಚಿನ ಮೇಲೆ ಕುಳಿತರೂ ತಿಳಿಯದಿದ್ದ ಗುಣ, ಒಂದು ರೈಲು ತಪ್ಪಿದಾಗ ತಿಳಿಯುತ್ತದೆ. ಯಾರ ಜಿಪುಣತನ ಎಷ್ಟು ಆಳವಾದುದು, ಯಾರ ಸಿಟ್ಟು ಹಸಿವಿನೊಡನೆ ಬಂದು ಊಟದೊಡನೆ ಹೋಗುವುದು, ಯಾರು ದಾರಿ ತಪ್ಪಿದ ಮೇಲೂ ದಾರಿ ತಪ್ಪಲಿಲ್ಲವೆಂದು ಸಾಧಿಸುವರು, ಇವೆಲ್ಲ ನಾಲ್ಕು ದಿನಗಳಲ್ಲಿ ಬಯಲಿಗೆ ಬರುತ್ತವೆ. ಬಯಲಿಗೆ ಬಾರದಂತೆ ಬಚ್ಚಿಟ್ಟುಕೊಂಡುದೂ ಕೆಲವೊಮ್ಮೆ ಬರುತ್ತದೆ.

ಕುಂದಾಪುರದ ಕಡೆಯ ಐವರು ವಿದ್ಯಾರ್ಥಿಗಳು ಚಳಿಗಾಲದ ಬಿಡುವಿನಲ್ಲಿ ಮುಂಬಯಿಯನ್ನು ನೋಡಲು ಹೊರಟರು. ಕಾಲೇಜಿನಲ್ಲಿ ಅವರಿಗೆ ಇದ್ದ ಅಡ್ಡಹೆಸರುಗಳೇ ಇಲ್ಲಿಗೂ ಸಾಕು. ಎಲ್ಲ ಏರ್ಪಾಡುಗಳನ್ನೂ ತಾನೇ ಮಾಡಿದೆನೆಂದು ನಂಬಿದ್ದವನು ಮುಂದಾಳು. ಎಲ್ಲರ ಹಣವನ್ನೂ ಒಂದು ಚೀಲದಲ್ಲಿಟ್ಟು, ಒಂದು ಸಣ್ಣ ಪುಸ್ತಕದಲ್ಲಿ ಚಹದ ಲೆಕ್ಕವನ್ನೂ ಬರೆಯುತ್ತಿದ್ದವನು ಖಜಾಂಚಿ. ಹೊರಡುವುದಕ್ಕೆ ಒಂದು ತಿಂಗಳು ಮೊದಲಿನಿಂದಲೇ ಮುಂಬಯಿಯ ಚರಿತ್ರೆಯನ್ನು ಓದಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದವನು ಪಂಡಿತ. ಕುಳಿತಲ್ಲಿ ನಿದ್ರೆ ಹೋಗಬಲ್ಲ ನಾಲ್ಕನೆಯವನಿಗೆ ಕುಂಭಕರ್ಣನೆಂಬ ಹೆಸರು ಬಂದುದು ಸಹಜವೇ. ಐದನೆಯವನು ಮೌನಿ. ಅವನ ಅಣ್ಣನು ಮುಂಬಯಿಯ ಮಾಟುಂಗದಲ್ಲಿದ್ದನು. ‘ಒಂದು ಹೋಟೆಲಿನ ವ್ಯವಹಾರ ನೋಡಿಕೊಳ್ಳುತ್ತಾನೆ’ ಎಂದು ಮೌನಿ ಒಮ್ಮೆ ಹೇಳಿದ್ದನು. ಅದಕ್ಕಿಂತ ಹೆಚ್ಚಿನ ವಿವರವನ್ನು ಅವನಾಗಿ ಹೇಳಲಿಲ್ಲ. ಗೆಳೆಯರು ಕೇಳಲೂ ಇಲ್ಲ.

ಕರಾವಳಿಯವರಿಗೆ ಮುಂಬಯಿ ಹೊಸ ಊರಲ್ಲ. ಕುಂದಾಪುರ, ಉಡುಪಿಗಳ ಮನೆಮನೆಯಲ್ಲಿಯೂ ಒಬ್ಬನಾದರೂ ಮುಂಬಯಿಗೆ ಹೋದವನಿರುತ್ತಾನೆ. ಹಿಂದಿನವರು ಹಡಗಿನಲ್ಲಿಯೂ, ಬಳಿಕ ಘಟ್ಟ ಹತ್ತಿ ಬಸ್ಸಿನಲ್ಲಿಯೂ ಹೋಗುತ್ತಿದ್ದರು. 1998ರಲ್ಲಿ ಕೊಂಕಣ ರೈಲುದಾರಿ ತೆರೆದ ಮೇಲೆ, ಮಧ್ಯಾಹ್ನ ಗಾಡಿ ಹತ್ತಿದವನು ಮರುದಿನ ಬೆಳಗ್ಗೆ ಮುಂಬಯಿಯಲ್ಲಿ ಇಳಿಯುವಂತಾಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಮೀರಿದ ಸೇತುವೆಯನ್ನು ಐವರೂ ಬಾಗಿಲಿಗೆ ಬಂದು ನೋಡಿದರು. ರತ್ನಾಗಿರಿಯ ಬಳಿಯ ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗ ಬರುವ ಹೊತ್ತಿಗೆ ಪಂಡಿತನೊಬ್ಬನೇ ಎಚ್ಚರವಾಗಿದ್ದು, ಉಳಿದವರನ್ನು ಎಬ್ಬಿಸಿದನು. ರಾತ್ರಿಯ ಕತ್ತಲೆಯಲ್ಲಿ ಸುರಂಗದ ಕತ್ತಲೆಯನ್ನು ತೋರಿಸುವುದಕ್ಕಾಗಿ ಎಬ್ಬಿಸಿದವನಿಗೆ ಕುಂಭಕರ್ಣನು ಆಡಿದ ಮಾತು ಅಚ್ಚಿನಲ್ಲಿ ಬರತಕ್ಕದ್ದಲ್ಲ.

ಅವರು ಇಳಿದುಕೊಂಡುದು ಡೊಂಬಿವಲಿಯಲ್ಲಿ, ಮುಂದಾಳಿನ ಚಿಕ್ಕಪ್ಪನ ಮನೆಯಲ್ಲಿ. ಎರಡು ಕೋಣೆಯ ಮನೆ, ಮನೆಯವರು ನಾಲ್ವರು. ಅಲ್ಲಿಗೆ ಐವರು ತರುಣರು ಚೀಲಗಳೊಡನೆ ಬಂದು ಸೇರಿದಾಗ ಚಿಕ್ಕಮ್ಮನು ತೋರಿಸಿದ ಮುಖಪ್ರಸನ್ನತೆಯನ್ನು ಮುಂಬಯಿಯ ದರ್ಶನೀಯ ವಸ್ತುಗಳಲ್ಲಿ ಮೊದಲನೆಯದಾಗಿ ಎಣಿಸಬೇಕು. ರಾತ್ರಿ ಮಂಚದ ಮೇಲಿಬ್ಬರು, ಮಂಚದ ಕೆಳಗಿಬ್ಬರು, ಅಡುಗೆಮನೆಯ ಹೊಸ್ತಿಲಲ್ಲಿ ತಲೆಯಿಟ್ಟು ಒಬ್ಬ. ಚಿಕ್ಕಪ್ಪನು ಮೂವತ್ತು ವರ್ಷಗಳಿಂದ ಆ ಊರಿನಲ್ಲಿದ್ದವರು. ಯಾವ ಸ್ಥಳಕ್ಕೆ ಎಷ್ಟನೆಯ ಪ್ಲಾಟ್‌ಫಾರಮಿನ ಯಾವ ಗಾಡಿಯಲ್ಲಿ ಹೋಗಬೇಕು, ಯಾವ ಕಡೆಯಲ್ಲಿ ಇಳಿಯಬೇಕು, ಎಲ್ಲವನ್ನೂ ನಾಲಗೆಯ ತುದಿಯಿಂದಲೇ ಹೇಳಿದರು. ಮುಂದಾಳು ಅದನ್ನೆಲ್ಲ ಬರೆದುಕೊಂಡು, ‘ಇವುಗಳಲ್ಲಿ ನಿಮಗೆ ಯಾವುದು ಚಂದ ಕಂಡಿತು, ಚಿಕ್ಕಪ್ಪ?’ ಎಂದು ಕೇಳಿದನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡಲಿಕ್ಕೆ ಎಲ್ಲಿ ಆಯಿತು ಮಾರಾಯ!’ ಎಂದರು. ಅವರು ಕಂಡ ಮುಂಬಯಿ ಬೆಳಗಿನ ಏಳು ಗಂಟೆಯ ಗಾಡಿಯಿಂದ ರಾತ್ರಿಯ ಒಂಬತ್ತು ಗಂಟೆಯ ಗಾಡಿಯವರೆಗಿನದು.

ಆ ಗಾಡಿಯ ವಿಷಯವನ್ನು ಸ್ವಲ್ಪ ಹೇಳಲೇಬೇಕು. ಭಾರತದಲ್ಲಿ ಪ್ರಯಾಣಿಕರ ಮೊದಲ ರೈಲು ಓಡಿದುದು ಇದೇ ಹಳಿಯ ದಾರಿಯಲ್ಲಿ, 1853ನೆಯ ಏಪ್ರಿಲ್ 16ರಂದು, ಬೋರಿ ಬಂದರದಿಂದ ಠಾಣೆಗೆ, 34 ಕಿಲೋಮೀಟರು. ಅಂದು ಹದಿನಾಲ್ಕು ಬಂಡಿಗಳಲ್ಲಿ ಕುಳಿತವರು ಸುಮಾರು ನಾನೂರು ಮಂದಿ. ಎಳೆದ ಎಂಜಿನುಗಳು ಮೂರು. ಈಗ ನಾನೂರು ಮಂದಿ ಒಂದೇ ಡಬ್ಬಿಯಲ್ಲಿ ನಿಂತಿರುವಂತೆ ಹೊಸಬನಿಗೆ ತೋರುತ್ತದೆ. ಗಾಡಿ ನಿಲ್ಲುವುದು ಅರ್ಧ ನಿಮಿಷ. ಅಷ್ಟರಲ್ಲಿ ಇಳಿಯುವವರು ಇಳಿದು, ಹತ್ತುವವರು ಹತ್ತಬೇಕು. ‘ನೀವು ಹತ್ತುವುದು ಬೇಡ, ಬಾಗಿಲ ಮುಂದೆ ನಿಂತರೆ ಸಾಕು, ಹಿಂದಿನವರು ಹತ್ತಿಸುತ್ತಾರೆ’ ಎಂದು ಚಿಕ್ಕಪ್ಪನು ಉಪದೇಶಿಸಿದ್ದರು. ಮೊದಲ ದಿನ ಹಿಂದಿನವರು ಮೂವರನ್ನು ಹತ್ತಿಸಿದರು. ಮುಂದಾಳು ಮತ್ತು ಖಜಾಂಚಿ ಪ್ಲಾಟ್‌ಫಾರಮಿನಲ್ಲಿಯೇ ಉಳಿದರು. ಹಣದ ಚೀಲವೂ ಬುದ್ಧಿಯ ಚೀಲವೂ ಹಿಂದೆ ಉಳಿದು, ಮೂವರು ಮಾತ್ರ ಠಾಣೆಯಲ್ಲಿಳಿದು ಮುಂದಿನ ಗಾಡಿಗೆ ಕಾದರು. ಕಾಯುತ್ತಿದ್ದ ಆ ಹದಿನೈದು ನಿಮಿಷಗಳಲ್ಲಿ ಮುಂದಾಳು ಇಲ್ಲದೆಯೂ ಲೋಕ ನಡೆಯುತ್ತದೆಯೆಂಬ ವಿಚಾರವು ಮೊದಲ ಬಾರಿಗೆ ಆ ಗುಂಪಿನಲ್ಲಿ ಹುಟ್ಟಿತು.

ಭಾನುವಾರ ಕೋಟೆಯ ಭಾಗವನ್ನು ನೋಡುವುದೆಂದು ಗೊತ್ತಾಗಿತ್ತು. ಫ್ರೆಡರಿಕ್ ವಿಲಿಯಂ ಸ್ಟೀವನ್ಸನು 1878ರಲ್ಲಿ ಆರಂಭಿಸಿದ ದೊಡ್ಡ ರೈಲು ನಿಲ್ದಾಣವು ಮುಗಿದುದು ಹತ್ತು ವರ್ಷಗಳ ಬಳಿಕ. ವಿಕ್ಟೋರಿಯಾ ರಾಣಿಯ ಹೆಸರನ್ನು ಹೊತ್ತಿದ್ದ ಆ ಕಟ್ಟಡಕ್ಕೆ 1996ರಿಂದ ಛತ್ರಪತಿ ಶಿವಾಜಿಯ ಹೆಸರು. 2004ರಲ್ಲಿ ಅದು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಅದರ ಹೊಸ್ತಿಲಲ್ಲಿ ಎರಡು ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ. ಸಿಂಹವು ಬ್ರಿಟನ್ನು, ಹುಲಿಯು ಭಾರತವಂತೆ. ಗೋಡೆಯ ಮೇಲೆ ಎಲೆಬಳ್ಳಿ, ನವಿಲು, ಬಾಯ್ದೆರೆದ ವಿಕಾರ ಪ್ರಾಣಿಗಳು. ಅದನ್ನು ನೋಡಿ ಸಂತೋಷಪಡುವವರ ಪಕ್ಕದಲ್ಲಿಯೇ, ಅದರ ಕಡೆಗೆ ಒಮ್ಮೆಯೂ ತಲೆಯೆತ್ತದ ಸಾವಿರಾರು ಮಂದಿ ಓಡುತ್ತಿರುತ್ತಾರೆ. ಪಂಡಿತನು ತಲೆಯೆತ್ತಿ ನಿಂತು ವಿವರಿಸುತ್ತಿದ್ದಾಗ, ಓಡುತ್ತಿದ್ದ ಒಬ್ಬ ಮುದುಕನು ಅವನಿಗೆ ಡಿಕ್ಕಿ ಹೊಡೆದು, ‘ಬಾಜೂಲಾ’ ಎಂದು ಹೇಳಿ ಹೋದನು. ಬದಿಗೆ ಸರಿ ಎಂಬ ಆ ಒಂದು ಮರಾಠಿ ಮಾತನ್ನು ಐವರೂ ಆ ದಿನ ಚೆನ್ನಾಗಿ ಕಲಿತರು.

ಅಲ್ಲಿಂದ ನಡೆದು ರಾಜಾಬಾಯಿ ಗೋಪುರ. 1878ರಲ್ಲಿ ಮುಗಿದ ಈ 280 ಅಡಿಯ ಗಡಿಯಾರದ ಗೋಪುರವನ್ನು ಕಟ್ಟಲು ಹಣ ಕೊಟ್ಟವನು ಹತ್ತಿಯ ವ್ಯಾಪಾರದಲ್ಲಿ ಸಂಪತ್ತು ಗಳಿಸಿದ ಪ್ರೇಮಚಂದ ರಾಯಚಂದನು. ಹೆಸರು ಅವನ ತಾಯಿಯದು. ಕಣ್ಣು ಕಾಣದ ಆ ಜೈನ ತಾಯಿಗೆ ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡಲು ಹೊತ್ತು ತಿಳಿಯಲೆಂದು ಮಗನು ಗಂಟೆಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಪಂಡಿತನು ಅಂದು ಹೇಳಿದ ಕಥೆಗಳಲ್ಲಿ ಉಳಿದ ನಾಲ್ವರೂ ಪೂರ್ತಿಯಾಗಿ ಕೇಳಿದುದು ಇದೊಂದನ್ನೇ. ಪೋರ್ತುಗೀಸರ ರಾಜಕುಮಾರಿಯ ಮದುವೆಯ ಒಪ್ಪಂದದಲ್ಲಿ 1661ರಲ್ಲಿ ಮುಂಬಯಿಯು ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಬಂದುದನ್ನೂ, ದೊರೆಯು 1668ರಲ್ಲಿ ಅದನ್ನು ವರ್ಷಕ್ಕೆ ಹತ್ತು ಪೌಂಡಿನ ಬಾಡಿಗೆಗೆ ಕಂಪನಿಗೆ ಕೊಟ್ಟುದನ್ನೂ ಹೇಳಿದಾಗ, ಖಜಾಂಚಿಯೊಬ್ಬನು ಮಾತ್ರ ಕಿವಿಗೊಟ್ಟು, ‘ಮುಂಗಡ ಎಷ್ಟು?’ ಎಂದು ಕೇಳಿದನು.

ಗೇಟ್‌ವೇ ಆಫ್ ಇಂಡಿಯಾವನ್ನು ಕಂಡು ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಹಿಂದೆ ಕಡಲು, ಮುಂದೆ ಜನ, ನಡುವೆ ಆ ಹಳದಿಗಲ್ಲಿನ ಕಮಾನು. 1911ರಲ್ಲಿ ಐದನೆಯ ಜಾರ್ಜ್ ದೊರೆಯು ಬಂದಿಳಿದಾಗ ಅಲ್ಲಿದ್ದುದು ರಟ್ಟಿನ ಮಾದರಿ ಮಾತ್ರ. ಕಲ್ಲಿನ ಕಟ್ಟಡ ಮುಗಿದುದು 1924ರಲ್ಲಿ. 1948ನೆಯ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನ್ಯದ ತುಕಡಿಯು ಆ ಕಮಾನಿನಡಿಯಿಂದಲೇ ಹಡಗಿಗೆ ನಡೆದುಹೋಯಿತು. ದೊರೆಯ ಆಗಮನಕ್ಕೆ ಸಿದ್ಧವಾಗದ ಬಾಗಿಲು ನಿರ್ಗಮನಕ್ಕೆ ಸರಿಯಾಗಿ ಒದಗಿತು. ಕಟ್ಟಿದವರು ಖರ್ಚಿಗೆ ತಕ್ಕ ಪ್ರಯೋಜನವಾಯಿತೆಂದು ತಿಳಿದರೋ ಇಲ್ಲವೋ. ಅಲ್ಲಿ ಐವರೂ ತಮ್ಮ ತಮ್ಮ ಮೊಬೈಲುಗಳಲ್ಲಿ ಪರಸ್ಪರರ ಚಿತ್ರಗಳನ್ನು ತೆಗೆದರು. ಎಲ್ಲ ಚಿತ್ರಗಳಲ್ಲಿಯೂ ಮುಖಗಳು ದೊಡ್ಡವು, ಕಮಾನು ಚಿಕ್ಕದು. ಕಡಲಿನ ಕಡೆಗೆ ಕೈ ತೋರಿ ಮುಂದಾಳು ಸಾರಿದನು: ‘ನಾಳೆ ಇಲ್ಲಿಂದಲೇ ದೋಣಿ. ಘಾರಾಪುರಿ!’

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅವರು ಅಲ್ಲಿಯೇ ಬಂದು ನಿಂತರು. ಘಾರಾಪುರಿಯ ಗುಹೆಗಳಿಗೆ, ಎಂದರೆ ಎಲಿಫೆಂಟಾಕ್ಕೆ, ಸೋಮವಾರ ರಜೆಯೆಂಬುದು ಅಲ್ಲಿ ಕಡಲೆಕಾಯಿ ಮಾರುವ ಹುಡುಗನಿಗೂ ಗೊತ್ತಿದ್ದಿತು. ಮುಂದಾಳಿಗೆ ಗೊತ್ತಿರಲಿಲ್ಲ. ಶಿವನ ಗುಹೆಗೆ ಶಿವನ ವಾರದಂದೇ ಬಾಗಿಲು ಹಾಕುವ ಸರಕಾರದ ವಿವೇಕವನ್ನು ಅವನು ಬಹಳವಾಗಿ ನಿಂದಿಸಿದನು. ಖಜಾಂಚಿಯು ಪುಸ್ತಕವನ್ನು ತೆರೆದು ಆ ದಿನದ ರೈಲಿನ ವೆಚ್ಚವನ್ನು ಒಂದು ಪ್ರತ್ಯೇಕ ಶೀರ್ಷಿಕೆಯ ಕೆಳಗೆ ಬರೆದನು.

ಹಾಗೆ ದೊರೆತ ಬಿಡುವಿನಲ್ಲಿ ಅವರು ಹತ್ತಿರದ ವಸ್ತುಸಂಗ್ರಹಾಲಯವನ್ನು ಹೊಕ್ಕರು. 1905ರಲ್ಲಿ ಅಡಿಗಲ್ಲು ಬಿದ್ದು, 1922ರಲ್ಲಿ ಜನರಿಗೆ ತೆರೆದ ಈ ಕಟ್ಟಡದ ಶಿಲ್ಪಿ ಜಾರ್ಜ್ ವಿಟೆಟ್. ಗೇಟ್‌ವೇಯ ಶಿಲ್ಪಿಯೂ ಅವನೇ. ಗುಮ್ಮಟದ ಒಳಗಿನ ಕಮಾನುಗಳ ಜೋಡಣೆಗೆ ಮಾದರಿ ವಿಜಯಪುರದ ಗೋಳಗುಮ್ಮಟವೆಂದು ಪಂಡಿತನು ಹೇಳಿದಾಗ, ಐವರೂ ತಲೆಯನ್ನು ಹಿಂದಕ್ಕೆ ಬಾಗಿಸಿ ನೋಡಿದರು. ಐವರಲ್ಲಿ ಒಬ್ಬನೂ ವಿಜಯಪುರಕ್ಕೆ ಹೋಗಿದ್ದವನಲ್ಲ. ಕೆಳಗಿನ ಅಂಕಣದಲ್ಲಿ ಐಹೊಳೆಯಿಂದ ತಂದ ಶಿಲ್ಪಗಳಿದ್ದವು. ಐಹೊಳೆಯನ್ನೂ ಯಾರೂ ಕಂಡಿರಲಿಲ್ಲ. ತಮ್ಮ ನಾಡಿನ ಕಲ್ಲನ್ನು ಕಾಣಲು ಕಡಲತೀರ ಹಿಡಿದು ಮುಂಬಯಿಗೆ ಬರಬೇಕಾಯಿತೆಂದು ಪಂಡಿತನು ನಾಚಿಕೊಂಡನು. ಕುಂಭಕರ್ಣನು ನಾಚಿಕೊಳ್ಳಲಿಲ್ಲ, ತಂಪಾದ ಆ ಅಂಕಣದ ಬೆಂಚೊಂದರಲ್ಲಿ ಒರಗಿ, ಸೊಗಸಾಗಿ ಒಂದು ಗಳಿಗೆ ಮಲಗಿ ಎದ್ದನು.

ತೊಡಕು ಬಂದುದು ರಾತ್ರಿ. ಮುಂದಾಳಿನ ಪಟ್ಟಿಯಲ್ಲಿ ಮಂಗಳವಾರದ ಮುಂದೆ ‘ಮಾಟುಂಗ, ಮೌನಿಯ ಅಣ್ಣ’ ಎಂದು ಬರೆದಿತ್ತು. ಅಣ್ಣನಿಗೆ ವಾರದಲ್ಲಿ ರಜೆ ಮಂಗಳವಾರ ಮಾತ್ರ. ಬುಧವಾರ ಮಧ್ಯಾಹ್ನ ಊರಿಗೆ ಹೊರಡುವ ಗಾಡಿ. ಘಾರಾಪುರಿಗೆ ಹೋಗುವುದಾದರೆ ಮಂಗಳವಾರವೇ ಹೋಗಬೇಕು. ಡೊಂಬಿವಲಿಯ ಮಾಳಿಗೆಯ ಮೇಲೆ ಐವರೂ ಕುಳಿತು ಆಲೋಚಿಸಿದರು. ಮುಂದಾಳು ಒಂದು ಉಪಾಯವನ್ನು ಹೇಳಿದನು: ಮೌನಿಯೊಬ್ಬನು ಮಾಟುಂಗಕ್ಕೆ ಹೋಗಲಿ, ನಾಲ್ವರು ದ್ವೀಪಕ್ಕೆ ಹೋಗಲಿ. ಪಂಡಿತನು ಒಪ್ಪಲಿಲ್ಲ. ಐವರಾಗಿ ಬಂದವರು ಐವರಾಗಿಯೇ ನೋಡಬೇಕು; ಗುಹೆ ಸಾವಿರದ ನಾನೂರು ವರ್ಷಗಳಿಂದ ಅಲ್ಲಿದೆ, ಇನ್ನೊಮ್ಮೆ ಬಂದಾಗಲೂ ಇರುತ್ತದೆ ಎಂದನು. ‘ಇನ್ನೊಮ್ಮೆ ಯಾರು ಬರುತ್ತಾರೆ?’ ಎಂದು ಖಜಾಂಚಿ ಕೇಳಿದನು. ಅವನ ಮಾತಿನಲ್ಲಿ ನಿಜವಿತ್ತು. ಮಾತು ಬೆಳೆದು, ರೈಲು ತಪ್ಪಿದುದೂ ಸೋಮವಾರದ ರಜೆಯೂ ಮಧ್ಯೆ ಬಂದು, ಮುಂದಾಳು ಎದ್ದು ನಿಂತನು. ಆಗ ಮೌನಿಯು, ‘ನಾನು ಒಬ್ಬನೇ ಹೋಗುತ್ತೇನೆ. ನನಗೇನೂ ಬೇಸರವಿಲ್ಲ’ ಎಂದನು.

ಬೇಸರವಿಲ್ಲವೆಂದುದು ಸುಳ್ಳಲ್ಲ. ಆ ಉಪಾಯದಿಂದ ಅವನ ಎದೆಯ ಮೇಲಿನ ಭಾರವೊಂದು ಇಳಿಯಿತು. ಹೋಟೆಲಿನ ವ್ಯವಹಾರ ನೋಡಿಕೊಳ್ಳುವ ಅಣ್ಣನನ್ನು ಗೆಳೆಯರು ಕಣ್ಣಾರೆ ಕಾಣುವುದು ತಪ್ಪಿತಲ್ಲವೆ? ಊರಿನಲ್ಲಿ ತಂದೆ ತೀರಿಹೋದ ವರ್ಷ, ಹದಿನಾರರ ಆ ಅಣ್ಣನು ಹತ್ತನೆಯ ತರಗತಿಯನ್ನು ಮುಗಿಸಿ ಮುಂಬಯಿಯ ಗಾಡಿ ಹತ್ತಿದ್ದನು. ಆ ಮೇಲೆ ಹನ್ನೊಂದು ವರ್ಷಗಳಲ್ಲಿ ಮೌನಿಯ ಶಾಲೆಯ ಫೀಸು, ಕಾಲೇಜಿನ ಫೀಸು, ಅವನು ತೊಟ್ಟಿದ್ದ ಅಂಗಿ, ಈ ಪ್ರವಾಸಕ್ಕೆ ಖಜಾಂಚಿಯ ಕೈಗೆ ಕೊಟ್ಟ ಹಣ, ಎಲ್ಲವೂ ಮಾಟುಂಗದ ಒಂದು ಹೋಟೆಲಿನ ಒಳಗಿನಿಂದ ಬಂದವು. ಆ ಒಳಗು ಎಷ್ಟು ಒಳಗೆಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮುಂಬಯಿಯ ಕನ್ನಡಿಗರ ಕಥೆಯೆಲ್ಲ ಹೀಗೆ ಒಳಗಿನಿಂದಲೇ ಆರಂಭವಾಗುವುದು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳು ಆಡಳಿತದಲ್ಲಿ ಮುಂಬಯಿಗೇ ಸೇರಿದ್ದವು. ಅಲ್ಲಿನವರು ಕಚೇರಿ, ಕಾಲೇಜುಗಳಿಗೆಂದು ಬಂದರು. ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದರೂ ಅಲ್ಲಿಯ ಹುಡುಗರು ಹೊಟ್ಟೆಪಾಡಿಗೆಂದು ಬಂದರು. ಲೋಟ ತೊಳೆಯುವುದರಿಂದ ಮೊದಲು ಮಾಡಿ, ಮೇಜು ಒರೆಸಿ, ಸಪ್ಲೈ ಮಾಡಿ, ಕೆಲವರು ಗಲ್ಲೆಯವರೆಗೆ ಏರಿದರು. ಅವರಲ್ಲಿಯೂ ಕೆಲವರು ಮಾತ್ರ ಒಡೆಯರಾದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ವಕೀಲರೂ ಅಧ್ಯಾಪಕರೂ ಆದವರುಂಟು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಮೊದಲಾದುವು ಬೆಳೆದುದು ಇಂತಹ ಜನರ ನಡುವೆ. ಆ ರಾತ್ರಿಶಾಲೆಗಳಲ್ಲಿ ಹಲವು ಮುಚ್ಚಿಹೋಗಿವೆ. ಒಡೆಯರಾದವರ ಕಥೆಯನ್ನು ಅಭಿನಂದನ ಗ್ರಂಥಗಳಲ್ಲಿ ಓದಬಹುದು; ಆಗದವರದಕ್ಕೆ ಗ್ರಂಥವಿಲ್ಲ.

ರಾತ್ರಿ ಹನ್ನೊಂದಕ್ಕೆ, ಹೋಟೆಲು ಮುಚ್ಚಿದ ಮೇಲೆ, ಅಣ್ಣನು ಫೋನು ಮಾಡಿದನು. ಮೌನಿಯು ಮೂಲೆಗೆ ಹೋಗಿ ನಡೆದುದನ್ನು ತಿಳಿಸಿ, ತಾನೊಬ್ಬನೇ ಬರುವುದಾಗಿ ಹೇಳಿದನು. ಅತ್ತಲಿಂದ ನಗು ಕೇಳಿಸಿತು. ‘ಎಂತಕ್ಕೆ ಒಬ್ಬನೇ? ನಾನೂ ಘಾರಾಪುರಿ ನೋಡಿದವನಲ್ಲ. ಆರು ಟಿಕೆಟ್ ತೆಗೆಯಲಿಕ್ಕೆ ಹೇಳು. ಒಂಬತ್ತಕ್ಕೆ ಅಲ್ಲೇ ಇರುತ್ತೇನೆ.’ ಪಕ್ಕದಲ್ಲಿದ್ದ ಪಂಡಿತನಿಗೆ ಇದು ಕೇಳಿಸಿ, ಅವನು ಕೈಚಪ್ಪಾಳೆ ತಟ್ಟಿದನು. ಮುಂದಾಳು ಆ ಏರ್ಪಾಡನ್ನೂ ತನ್ನದೇ ಎಂಬಂತೆ ಪಟ್ಟಿಯಲ್ಲಿ ಬರೆದುಕೊಂಡನು. ಮೌನಿಯೊಬ್ಬನೇ ಬಹಳ ಹೊತ್ತು ಮಾಳಿಗೆಯ ಮೇಲೆ ಉಳಿದನು.

ಬೆಳಗ್ಗೆ ಕಮಾನಿನ ಕೆಳಗೆ ಅಣ್ಣನು ಇಸ್ತ್ರಿ ಮಾಡಿದ ಬಿಳಿಯ ಅಂಗಿಯನ್ನು ತೊಟ್ಟು, ಕೈಯಲ್ಲಿ ಒಂದು ದೊಡ್ಡ ಕಾಗದದ ಪೊಟ್ಟಣವನ್ನು ಹಿಡಿದು ನಿಂತಿದ್ದನು. ಎಡಗೈಯ ಮಣಿಕಟ್ಟಿನಿಂದ ಮೊಣಕೈಯವರೆಗೆ ಹಳೆಯ ಸುಟ್ಟಗಾಯಗಳ ಕಲೆಗಳು. ದೋಣಿಯಲ್ಲಿ ಎಲ್ಲರಿಗೂ ಜೀವರಕ್ಷಕ ಅಂಗಿಗಳನ್ನು ಕೊಟ್ಟರು. 2024ನೆಯ ಡಿಸೆಂಬರ್ 18ರಂದು ಇದೇ ದಾರಿಯ ಒಂದು ದೋಣಿಗೆ ನೌಕಾಪಡೆಯ ದೋಣಿಯು ಬಡಿದು ಹಲವರು ಪ್ರಾಣ ಬಿಟ್ಟುದನ್ನು ಚಿಕ್ಕಮ್ಮನು ಹೊರಡುವಾಗ ಎರಡು ಬಾರಿ ನೆನಪು ಮಾಡಿದ್ದರು. ಆದ್ದರಿಂದ ಮುಂದಾಳು ತನ್ನ ಅಂಗಿಯ ಎಲ್ಲ ಪಟ್ಟಿಗಳನ್ನೂ ಬಿಗಿದುಕೊಂಡನು. ದೋಣಿ ಹೊರಟಿತು. ಬಿಳಿಯ ಕಡಲಹಕ್ಕಿಗಳು ಹಿಂಬಾಲಿಸಿದವು. ಖಜಾಂಚಿಯು ಮಾತಿಗಾಗಿ, ‘ಹೋಟೆಲು ನಡೆಸುವುದು ಬಹಳ ಕಷ್ಟವಲ್ಲವೆ, ಅಣ್ಣ? ಲೆಕ್ಕಪತ್ರವೆಲ್ಲ ನೀವೇ ನೋಡುವುದೋ?’ ಎಂದು ಕೇಳಿದನು.

‘ಲೆಕ್ಕ ನೋಡುವವರು ಬೇರೆ, ಅವರು ಗಲ್ಲೆಯಲ್ಲಿ ಕೂರುತ್ತಾರೆ. ನಾನು ಕಾವಲಿಯ ಮೇಲೆ’ ಎಂದನು ಅಣ್ಣ. ‘ಮೊದಲು ಆರು ವರ್ಷ ಪಾತ್ರೆ, ಹಿಟ್ಟು. ಈಗ ದೋಸೆ.’

ಮೌನಿಯು ಕಡಲಿನ ಕಡೆಗೆ ಮುಖ ಮಾಡಿಕೊಂಡನು. ಪಂಡಿತನಿಗೂ ಖಜಾಂಚಿಗೂ ಮಾತು ತೋಚಲಿಲ್ಲ. ಆ ಮೌನವನ್ನು ಮುರಿದವನು ಕುಂಭಕರ್ಣ. ಅವನು ಕಣ್ಣುಗಳನ್ನು ಪೂರ್ತಿಯಾಗಿ ತೆರೆದು, ನಿಜವಾದ ಆದರದಿಂದ, ‘ದಿನಕ್ಕೆ ಎಷ್ಟು ದೋಸೆ ಆಗುತ್ತದೆ, ಅಣ್ಣ?’ ಎಂದನು. ‘ಭಾನುವಾರವಾದರೆ ಐನೂರು’ ಎಂದನು ಅಣ್ಣ. ಆ ಮೇಲೆ ಮಾತು ಸಾಗಿತು. ಒಂದು ಕಾವಲಿಯಲ್ಲಿ ಏಕಕಾಲಕ್ಕೆ ಎಷ್ಟು ಹುಯ್ಯುವುದು, ಬಿಸಿ ಹೆಚ್ಚಾದರೆ ನೀರು ಚಿಮುಕಿಸುವುದು ಏಕೆ, ಮಳೆಗಾಲದಲ್ಲಿ ಹಿಟ್ಟು ಹುಳಿಯಾಗದೆ ಮಾಡುವ ತೊಂದರೆಯೇನು, ಇವನ್ನೆಲ್ಲ ಅಣ್ಣನು ಒಂದು ಗಂಟೆಯ ಕಾಲ ಹೇಳಿದನು. ಮೂರು ದಿನಗಳಿಂದ ಪಂಡಿತನು ಚರಿತ್ರೆ ಹೇಳುವಾಗ ಯಾರೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಪಂಡಿತನೇ ಎಲ್ಲರಿಗಿಂತ ಹೆಚ್ಚು ಪ್ರಶ್ನೆಗಳನ್ನು ಹಾಕಿದನು.

ದ್ವೀಪದಲ್ಲಿ ಮೆಟ್ಟಿಲುಗಳು ನೂರಕ್ಕೂ ಮಿಕ್ಕಿ. ಎರಡು ಬದಿಯಲ್ಲಿಯೂ ಅಂಗಡಿಗಳು. ಮುಂಬಯಿಯ ದೀಪಗಳು ಕಣ್ಣೆದುರಿಗೇ ಉರಿಯುತ್ತಿದ್ದರೂ ಈ ದ್ವೀಪಕ್ಕೆ ವಿದ್ಯುತ್ತು ಬಂದುದು 2018ರಲ್ಲಿ. ದೊಡ್ಡ ಗುಹೆಯು ಕ್ರಿಸ್ತಶಕ ಆರನೆಯ ಶತಮಾನದ ನಡುವಿನದೆಂದು ವಿದ್ವಾಂಸರ ಅಭಿಪ್ರಾಯ. ಬಾದಾಮಿಯ ಎರಡನೆಯ ಪುಲಕೇಶಿಯು ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಹೇಳಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವರ ಊಹೆ. ಪಂಡಿತನು ಇದನ್ನು ಹೇಳಲು ಒಂದು ತಿಂಗಳಿನಿಂದ ಕಾಯುತ್ತಿದ್ದನು. ಆದರೆ ಒಳಗೆ ಕಾಲಿಟ್ಟ ಮೇಲೆ ಅವನೂ ಮರೆತನು. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಕತ್ತಲೆ; ಆ ಮೇಲೆ ಕಂಬಗಳ ಸಾಲು; ಅದರ ಕೊನೆಯಲ್ಲಿ, ಕತ್ತಲೆಯೇ ಮೆಲ್ಲನೆ ಮುಖವಾಗುವಂತೆ, ಆ ಮೂರು ಮುಖದ ಸದಾಶಿವನು. ಎದೆಯಿಂದ ಮೇಲಕ್ಕೇ 18ರಿಂದ 20 ಅಡಿ. ಒಂದು ಬದಿಯಲ್ಲಿ ಉಗ್ರವಾದ ಮುಖ, ಇನ್ನೊಂದು ಬದಿಯಲ್ಲಿ ಹೆಣ್ಣಿನಂತೆ ಕೋಮಲವಾದ ಮುಖ. ನಡುವಿನದು ಕಣ್ಣು ಮುಚ್ಚಿ ತನ್ನಲ್ಲಿಯೇ ಇರುವುದು. ಅದರ ಮುಂದೆ ಮೊಬೈಲನ್ನು ಎತ್ತಲು ಸ್ವಲ್ಪ ಹೊತ್ತು ಯಾರಿಗೂ ನೆನಪಾಗಲಿಲ್ಲ. ಸುತ್ತಲಿನ ಗೋಡೆಗಳಲ್ಲಿ ಕೈಲಾಸವನ್ನೆತ್ತುವ ರಾವಣ, ಗಂಗಾಧರ, ಅರ್ಧನಾರೀಶ್ವರ, ಹಲವರಿಗೆ ಕೈಕಾಲುಗಳಿಲ್ಲ. ಪೋರ್ತುಗೀಸ್ ಸೈನಿಕರು ಗುರಿಯ ಅಭ್ಯಾಸಕ್ಕೆಂದು ಗುಂಡು ಹಾರಿಸಿದರೆಂದು ಹೇಳುವುದುಂಟು.

ಅಣ್ಣನು ಕೈ ಮುಗಿದು, ಆ ಮೇಲೆ ಛಾವಣಿಯನ್ನೂ ನೆಲವನ್ನೂ ಕಂಬಗಳ ಬುಡವನ್ನೂ ಬಹಳ ಹೊತ್ತು ನೋಡಿದನು. ‘ಇದು ಕಟ್ಟಿದ್ದಲ್ಲ, ಕೊರೆದದ್ದು ಅಲ್ಲವೋ?’ ಎಂದು ಪಂಡಿತನನ್ನು ಕೇಳಿದನು. ಹೌದು, ಒಂದೇ ಬಂಡೆ, ಮೇಲಿನಿಂದ ಕೆಳಕ್ಕೆ ಕೊರೆಯುವುದು ಇಂತಹ ಗುಹೆಗಳ ಕ್ರಮವೆಂದು ಪಂಡಿತನು ಹೇಳಿದನು. ‘ಹಾಗಾದರೆ ಈ ಒಳಗಿದ್ದ ಕಲ್ಲನ್ನೆಲ್ಲ ಹೊತ್ತು ಎಲ್ಲಿ ಹಾಕಿದರು?’ ಪಂಡಿತನ ಓದಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪಕ್ಕದಲ್ಲಿ ವಿದೇಶೀಯರಿಗೆ ವಿವರಿಸುತ್ತಿದ್ದ ಮಾರ್ಗದರ್ಶಿಯನ್ನು ಕೇಳಿದರು. ಅವನು ತಲೆಯಲ್ಲಾಡಿಸಿ ಮುಂದಕ್ಕೆ ಹೋದನು. ಆರು ಮಂದಿಯೂ ಹೊರಗೆ ಬಂದು ಇಳಿಜಾರಿನಲ್ಲಿ ಕಲ್ಲಿನ ರಾಶಿಯನ್ನು ಹುಡುಕಿದರು. ಗಿಡ, ಹುಲ್ಲು, ಕೆಳಗೆ ಕಡಲು. ಸಿಕ್ಕಲಿಲ್ಲ.

ಅಲ್ಲಿಯೇ ನೆರಳಿನಲ್ಲಿ ಅಣ್ಣನು ಪೊಟ್ಟಣವನ್ನು ಬಿಚ್ಚಿದನು. ಬೆಳಗ್ಗೆ ನಾಲ್ಕಕ್ಕೆ ಎದ್ದು, ರಜೆಯ ದಿನವಾದರೂ ಹೋಟೆಲಿನ ಒಲೆಯ ಮೇಲೆ ಕರಿದು ತಂದ ಬನ್ಸ್, ಬಾಳೆಹಣ್ಣಿನ ಪರಿಮಳ. ಆರು ಮಂದಿಗೆ ಇಪ್ಪತ್ತನಾಲ್ಕು. ನಾಲ್ಕನ್ನು ಕೋತಿಗಳು ಕೊಂಡೊಯ್ದವು. ದ್ವೀಪದ ತುದಿಯಿಂದ ಮುಂಬಯಿಯು ಮಂಜಿನಲ್ಲಿ ಬಿಳಿಯ ಗೆರೆಯಂತೆ ಕಾಣುತ್ತಿತ್ತು. ಅಣ್ಣನು ಅದನ್ನು ನೋಡಿ, ‘ಇಷ್ಟು ವರ್ಷವಾಯಿತು, ಹೊರಗಿನಿಂದ ನೋಡಿದ್ದು ಇವತ್ತೇ’ ಎಂದನು. ಮಾಟುಂಗವು ಯಾವ ಕಡೆಯೆಂದು ಪಂಡಿತನು ದಿಕ್ಕನ್ನು ಅಂದಾಜು ಮಾಡಿ ತೋರಿಸಿದನು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಮೌನಿಯು ತಾನಾಗಿಯೇ ಎದ್ದು, ಅಣ್ಣನ ಬೆನ್ನಿನ ಮೇಲೆ ಕುಳಿತಿದ್ದ ಹುಲ್ಲಿನ ಕಸವನ್ನು ತೆಗೆದನು. ತೆಗೆದ ಮೇಲೂ ಕೈಯನ್ನು ಸ್ವಲ್ಪ ಹೊತ್ತು ಅಲ್ಲಿಯೇ ಇಟ್ಟುಕೊಂಡನು.

ಸಂಜೆ ಹಿಂದಿರುಗಿ, ನಿಧಾನದ ಗಾಡಿಯಲ್ಲಿ ಮಾಟುಂಗದಲ್ಲಿಳಿದರು. ತನ್ನ ಹೋಟೆಲಿಗೆ ಬೇಡವೆಂದು ಅಣ್ಣನು ಇನ್ನೊಂದಕ್ಕೆ ಕರೆದುಕೊಂಡು ಹೋದನು. ತನ್ನಲ್ಲಿಯಾದರೆ ಕೆಲಸದ ಹುಡುಗರು ಹಣ ತೆಗೆದುಕೊಳ್ಳಲು ಬಿಡುವುದಿಲ್ಲವೆಂದು ಕಾರಣ ಹೇಳಿದನು. ಬಂದ ದೋಸೆಯ ಅಂಚನ್ನು ಮುರಿದು, ಬೆಳಕಿಗೆ ಹಿಡಿದು, ‘ಅಡ್ಡಿಯಿಲ್ಲ, ಕಾವಲಿ ಸ್ವಲ್ಪ ತಣ್ಣಗಿತ್ತು’ ಎಂದು ತೀರ್ಪು ಕೊಟ್ಟನು. ಖಜಾಂಚಿಯು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅವನು ಗಲ್ಲೆಯಲ್ಲಿ ಹಣ ಕೊಟ್ಟಾಗಿತ್ತು. ಖಜಾಂಚಿಯು ಪ್ರತಿಭಟಿಸಿದಾಗ, ‘ಊರಿನಿಂದ ಬಂದ ಮಕ್ಕಳ ಹತ್ತಿರ ಕೊಡಿಸಿದೆನೆಂದರೆ ಅಮ್ಮ ಎಂತ ಹೇಳ್ತಾರೆ?’ ಎಂದು ಅವನ ಪುಸ್ತಕವನ್ನು ಅವನ ಕಿಸೆಗೇ ಸೇರಿಸಿದನು.

ಪ್ಲಾಟ್‌ಫಾರಮಿನಲ್ಲಿ ಗಾಡಿ ಬಂದಾಗ ಐವರನ್ನೂ ಬಾಗಿಲಿನ ಮುಂದೆ ಸರಿಯಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನಿಂದ ತಾನೇ ಒಬ್ಬೊಬ್ಬನನ್ನು ಒಳಕ್ಕೆ ನೂಕಿದನು. ಯಾರೂ ಹಿಂದೆ ಉಳಿಯಲಿಲ್ಲ. ಮೌನಿಯು ಬಾಗಿಲ ಕಂಬವನ್ನು ಹಿಡಿದು ಹೊರಗೆ ಬಾಗಿ ನೋಡುತ್ತಿದ್ದುದನ್ನು ಕಂಡು, ‘ಬಾಗಿಲಲ್ಲಿ ನಿಲ್ಲಬೇಡ! ಒಳಗೆ ಹೋಗು!’ ಎಂದು ಗದರಿಸಿ ಕೂಗಿದನು. ಗಾಡಿ ಹೊರಟಿತು. ಒಳಗೆ ನಿಂತಿದ್ದ ಕನ್ನಡದವರೊಬ್ಬರು ಅವರ ಮಾತನ್ನು ಕೇಳಿ, ‘ನಿಮ್ಮನ್ನು ಹತ್ತಿಸಿದವರು ಯಾರು?’ ಎಂದು ವಿಚಾರಿಸಿದರು. ಕುಂಭಕರ್ಣನು ಆಗಲೇ ಕಂಬಿಗೆ ಒರಗಿ ಕಣ್ಣು ಮುಚ್ಚಿದ್ದನು. ಮೌನಿಯು ಬಾಯಿ ತೆರೆಯುವುದಕ್ಕೆ ಮೊದಲೇ, ಕಣ್ಣು ತೆರೆಯದೆ, ‘ನಮ್ಮ ಅಣ್ಣ’ ಎಂದನು. ಡೊಂಬಿವಲಿಯಲ್ಲಿ ಅವನನ್ನು ಎಬ್ಬಿಸಿ ಇಳಿಸಲು ನಾಲ್ವರೂ ಬೇಕಾದರು.